ಮಿಸ್ ಗಂಗಾಗೆ ಸನ್ಮಾನ

ಪೀಚ್ ವ್ಯೂ ಮೋಟೆಲ್ಲಿನಲ್ಲಿ ಪೀಚೂ ಇಲ್ಲ, ವ್ಯೂವೂ ಇಲ್ಲ. ಅಟ್ಲಾಂಟಾದ ಉತ್ತರಕ್ಕೆ, ಹೈವೇಗೆ ಮೈ ಒತ್ತಿಕೊಂಡು ನಿಂತಿರುವ ಎರಡಂತಸ್ತಿನ ಕಟ್ಟಡ ಅದು. ಎದುರಿಗೆ ಹಳೇ ಟೈರುಗಳ ಅಂಗಡಿ, ಹಿಂದೆ ಒಂದು ಮೋರಿ. ಪ್ರವಾಸಿಗರು ಅಲ್ಲಿ ಇಳಿದುಕೊಂಡು ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು. ಅಲ್ಲಿರುವವರೆಲ್ಲ ಸಂಸಾರವಂದಿಗರು. ವಾರವಾರ ಬಾಡಿಗೆ ಕಟ್ಟಿಕೊಂಡು, ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಕಾಲು ಮಡಚಿಕೊಂಡು ಮಲಗುವವರು. ಸೋಮಾರಿಗಳಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾರೆ, ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾರೆ, ಹೋಟೆಲಿನಲ್ಲಿ ಕೋಳಿ ಕರಿಯುತ್ತಾರೆ. ಅಪಾರ್ಟ್‌ಮೆಂಟ್ ಹಿಡಿಯೋಣವೆಂದು ಹೋದರೆ ಹಳೇ ಮನೆಯಿಂದ ಹೊರಹಾಕಿಸಿಕೊಂಡ ಕೇಸು ಕಂಪ್ಯೂಟರಿನಲ್ಲಿ ಕಾಣಿಸುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಹೀಗೆ ಒಂದು ವಾರಕ್ಕೆಂದು ಬಂದವರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಮೋಟೆಲ್ಲಿನ ಗೇಟಿಗೆ ದಿನಾ ಹಳದಿ ಸ್ಕೂಲ್ ಬಸ್ಸು ಬಂದು ನಿಲ್ಲುತ್ತದೆ ಎಂದರೆ ಅಲ್ಲಿ ಎಂಥ ಪ್ರವಾಸ ನಡೆಯುತ್ತಿದೆ ಎಂದು ಊಹಿಸಿಕೊಳ್ಳಬಹುದು.

ಆ ಮೋಟೆಲ್ಲಿನ ಕೌಂಟರಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂರುತ್ತಿದ್ದವಳು ಮೈಸೂರಿನ ಗಂಗಾಂಬಿಕಾ. ಐವತ್ತು ದಾಟಿದ ಹೆಂಗಸು. ಕುಳ್ಳಗೆ, ದಪ್ಪ ಕನ್ನಡಕ, ಚೂಡಿದಾರದ ಮೇಲೆ ಗಂಡನ ಸ್ವೆಟರು. ಮೈಸೂರಿನ ಕ್ಯಾತಮಾರನಹಳ್ಳಿಯ ಅಂಗನವಾಡಿಯಲ್ಲಿ ವಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಕಳೆದವಳು. ತಮ್ಮ ಗುರುದತ್ ಇಲ್ಲಿ ಸಿಟಿಜನ್ ಆದಮೇಲೆ ಅಕ್ಕ ಭಾವನಿಗೆ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದ. ಅದು ತೆವಳಿ ತೆವಳಿ ಕೈಗೆ ಬರುವ ಹೊತ್ತಿಗೆ ಗಂಡಹೆಂಡತಿ ಇಬ್ಬರ ತಲೆಯೂ ನರೆತಿತ್ತು. ಮಕ್ಕಳಿರಲಿಲ್ಲ, ಹೋಗಿ ನೋಡೋಣವೆಂದು ಬಂದರು. ಗಂಡ ಇಂಡಿಯನ್ ಅಂಗಡಿಯೊಂದರಲ್ಲಿ ಅಕ್ಕಿಮೂಟೆ ಜೋಡಿಸುತ್ತಿದ್ದ. ಕೋವಿಡ್ಡಿನ ಎರಡನೆಯ ವರ್ಷ ಅವನೂ ಹೋದ.

ಆಮೇಲೆ ಕೆಲವು ತಿಂಗಳು ಆಲ್ಫರೆಟ್ಟಾದಲ್ಲಿದ್ದ ತಮ್ಮನ ದೊಡ್ಡ ಮನೆಯ ಬೇಸ್‌ಮೆಂಟಿನಲ್ಲಿ ಇದ್ದಳು. ಯಾರೂ ಅವಳನ್ನು ಹೊರಡು ಎನ್ನಲಿಲ್ಲ, ಸುಳ್ಳು ಹೇಳಬಾರದು. ಮನೆಗೆ ನಾಲ್ಕು ಜನ ಬಂದಾಗ ಮಾತ್ರ ತಮ್ಮನ ಹೆಂಡತಿ ಚೈತನ್ಯಾ, ಅಕ್ಕ ನೀವು ಕೆಳಗೆ ರೆಸ್ಟ್ ಮಾಡಿ ಎನ್ನುತ್ತಿದ್ದಳು. ಎರಡು ಸಲ ಕೇಳಿದರೆ ಯಾರಿಗಾದರೂ ಅರ್ಥವಾಗುವಂಥ ಮಾತು ಅದು. ಗಂಡನ ಅಂಗಡಿಗೆ ಬರುತ್ತಿದ್ದ ಗುಜರಾತಿಯೊಬ್ಬನ ಮೋಟೆಲ್ಲಿನಲ್ಲಿ ಕೆಲಸವಿದೆ, ಕೌಂಟರಿನ ಹಿಂದೆಯೇ ಇರಲು ಒಂದು ಕೋಣೆಯೂ ಇದೆ ಎಂದು ತಿಳಿದಾಗ ಗಂಗಾಂಬಿಕಾ ಎರಡು ಸೂಟ್‌ಕೇಸು ಹಿಡಿದು ಅಲ್ಲಿಗೆ ಹೋದಳು. ಗುರುದತ್ತನಿಗೆ ಅವಮಾನವಾಯಿತು. ಯಾರಾದರೂ ಕೇಳಿದರೆ, ಅಕ್ಕ ಹಾಸ್ಪಿಟಾಲಿಟಿ ಇಂಡಸ್ಟ್ರಿಯಲ್ಲಿದ್ದಾಳೆ ಎಂದು ಹೇಳಿ ಮಾತು ಬದಲಿಸುತ್ತಿದ್ದ.

ಮಕ್ಕಳಿಗೆ ತಿನ್ನಲು ಕೊಡುವುದನ್ನು ಅವಳು ಯೋಚಿಸಿ ಶುರುಮಾಡಿದ್ದಲ್ಲ. ಸ್ಕೂಲ್ ಬಸ್ಸಿನಿಂದ ಇಳಿದ ಮಕ್ಕಳು ಆಫೀಸಿನಲ್ಲಿದ್ದ, ದುಡ್ಡು ಹಾಕಿದರೆ ಪೊಟ್ಟಣ ಬೀಳುವ ಚಿಪ್ಸ್ ಮಿಷನ್ನಿನ ಮುಂದೆ ನಿಂತು ಗಾಜು ನೋಡುತ್ತಿದ್ದರು, ಅಷ್ಟೆ. ಮಧ್ಯಾಹ್ನ ಸ್ಕೂಲಿನಲ್ಲಿ ಉಂಡದ್ದು ಬಿಟ್ಟರೆ ಮಾರನೆಯ ಬೆಳಿಗ್ಗೆ ಸ್ಕೂಲಿನಲ್ಲಿ ತಿಂಡಿ ಕೊಡುವವರೆಗೆ ಹೊಟ್ಟೆಗೆ ಏನು ಬಿದ್ದರೂ ಅದು ಅದೃಷ್ಟ. ಅಂಗನವಾಡಿಯಲ್ಲಿ ಮಕ್ಕಳ ಮುಖ ನೋಡಿ ನೋಡಿ ಪಳಗಿದ ಕಣ್ಣು ಅವಳದು. ಒಂದು ದಿನ ಕೋಣೆಯಲ್ಲಿ ದೊಡ್ಡ ಪಾತ್ರೆಗೆ ಚಿತ್ರಾನ್ನ ಕಲಸಿ, ಬೇಯಿಸಿದ ಮೊಟ್ಟೆ ಒಂದೊಂದು ಇಟ್ಟು, ಪೇಪರ್ ಪ್ಲೇಟಿನಲ್ಲಿ ಕೊಟ್ಟಳು. ಹುಡುಗರು ಕರಿಬೇವನ್ನು ಅನುಮಾನದಿಂದ ಎತ್ತಿ ಪಕ್ಕಕ್ಕಿಟ್ಟು ಉಳಿದದ್ದನ್ನು ನೆಕ್ಕಿದರು. ಮಾರನೆಯ ದಿನ ಇನ್ನೂ ನಾಲ್ಕು ಮಕ್ಕಳು ಬಂದವು. ಅಲ್ಲಿಂದ ಅವಳು ಮಿಸ್ ಗಂಗಾ ಆದಳು. ಆ ಸೀಮೆಯಲ್ಲಿ ದೊಡ್ಡವರನ್ನು ಮಕ್ಕಳು ಹಾಗೆಯೇ ಕರೆಯುವುದು. ಮಾಲೀಕ ನೋಡಿಯೂ ನೋಡದವನಂತೆ ಇದ್ದ, ಅಕ್ಕಿಯನ್ನಂತೂ ಕೊಡಲಿಲ್ಲ.

ಇನ್ನೂರ ಹದಿನೇಳನೆಯ ಕೋಣೆಯ ಟಮಾರಾ ಅವಳಿಗೆ ಹತ್ತಿರವಾದದ್ದು ಹೀಗೆಯೇ. ಎತ್ತರದ, ಕಪ್ಪು, ಮಾತು ಕಡಿಮೆಯ ಹೆಂಗಸು. ಏಳು ವರ್ಷದ ಜಾಯ್ಲಿನ್ ಎಂಬ ಮಗಳು, ಮೂರು ವರ್ಷದ ಮೈಕಾ ಎಂಬ ಮಗ. ಗಂಡ ಎನ್ನುವವನ ಸುದ್ದಿಯಿರಲಿಲ್ಲ. ಬೆಳಿಗ್ಗೆ ಒಂದು ವೃದ್ಧಾಶ್ರಮದಲ್ಲಿ, ಸಂಜೆ ಒಂದು ಗೋದಾಮಿನಲ್ಲಿ ಕೆಲಸ. ಬೆಳಗಿನ ಹೊತ್ತು ಮೈಕಾನನ್ನು ಮೇಲಂತಸ್ತಿನ ಒಬ್ಬ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಸಂಜೆಗೆ ಯಾರೂ ಇರಲಿಲ್ಲ. ಮೊದಮೊದಲು ಜಾಯ್ಲಿನ್ನೇ ತಮ್ಮನನ್ನು ಕಾಯುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿಕೊಂಡು, ಟಿವಿಯ ಸದ್ದು ಕಡಿಮೆ ಮಾಡಿಕೊಂಡು. ಆ ರಾಜ್ಯದಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಗೊತ್ತಾದರೆ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಇದು ಟಮಾರಾಳಿಗೂ ಗೊತ್ತು. ಕೆಲಸ ಬಿಟ್ಟರೆ ಕೋಣೆಯಿಂದ ಹೊರಗೆ ಬೀಳಬೇಕು, ಅದೂ ಗೊತ್ತು. ಇದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಅವಳಿಗೆ ಹೇಳಿಕೊಡಲು ಯಾರೂ ಬರಲಿಲ್ಲ.

ಗಂಗಾಂಬಿಕಾಳಿಗೆ ವಿಷಯ ತಿಳಿದದ್ದು ಜಾಯ್ಲಿನ್ ಒಂದು ದಿನ ತನ್ನ ಪ್ಲೇಟಿನ ಮೊಟ್ಟೆಯನ್ನು ಜೇಬಿಗೆ ಹಾಕಿಕೊಂಡಾಗ. ತಮ್ಮನಿಗೆ ಎಂದಳು ಹುಡುಗಿ. ತಮ್ಮ ಎಲ್ಲಿ ಎಂದರೆ ಬಾಯಿ ಬಿಡಲಿಲ್ಲ. ಅವತ್ತು ಗಂಗಾಂಬಿಕಾ ಟಮಾರಾ ಬರುವವರೆಗೆ ಕಾದಿದ್ದು, ತನ್ನ ಹರಕು ಇಂಗ್ಲಿಷಿನಲ್ಲಿ, ಇನ್ನು ಮೇಲೆ ಸಂಜೆ ಮಕ್ಕಳು ನನ್ನ ಹತ್ತಿರ ಇರಲಿ ಎಂದಳು. ಟಮಾರಾ ಬಹಳ ಹೊತ್ತು ಅವಳ ಮುಖ ನೋಡಿದಳು. ಇಂಥ ಮಾತು ಹೇಳಿದವರು ಆಮೇಲೆ ಏನು ಕೇಳುತ್ತಾರೆ ಎಂದು ನೋಡಿ ಅಭ್ಯಾಸವಿದ್ದವಳು. ಕೊನೆಗೆ ತಾನು ಎಷ್ಟು ಹೊತ್ತಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ, ಯಾವ ದಿನ ಎಲ್ಲಿರುತ್ತೇನೆ, ಎಲ್ಲ ಹೇಳಿದಳು.

ಒಂದು ವರ್ಷಕ್ಕೂ ಮೇಲೆ ಹಾಗೆ ನಡೆಯಿತು. ಸಂಜೆ ಮಕ್ಕಳು ಕೌಂಟರಿನ ಹಿಂದಿನ ಕೋಣೆಗೆ ಬಂದುಬಿಡುತ್ತಿದ್ದವು. ಜಾಯ್ಲಿನ್ ಹೋಂವರ್ಕ್ ಮಾಡುತ್ತಿದ್ದಳು, ಮೈಕಾ ಗಂಗಾಂಬಿಕಾಳ ಮಂಚದ ಮೇಲೆ ಅಡ್ಡಡ್ಡ ಬಿದ್ದು ನಿದ್ದೆಹೋಗುತ್ತಿದ್ದ. ಸ್ಕೂಲಿನ ಸೋಶಿಯಲ್ ವರ್ಕರ್ ಒಬ್ಬಳು ಓಡಾಡಿ ಟಮಾರಾಳ ಹೆಸರನ್ನು ಮಕ್ಕಳಿರುವ ಕುಟುಂಬಗಳಿಗೆ ಕೊಡುವ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟಿನ ಪಟ್ಟಿಗೆ ಸೇರಿಸಿದ್ದಳು. ಹೊಸ ವರ್ಷಕ್ಕೆ ಎರಡು ಬೆಡ್‌ರೂಮಿನ ಮನೆ ಸಿಗುತ್ತದೆ ಎಂದು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಅಲ್ಲಿಯವರೆಗೆ ಏನೂ ಏರುಪೇರಾಗದೆ ಹೀಗೆಯೇ ಇದ್ದರೆ ಸಾಕಿತ್ತು. ಇದು ಇಪ್ಪತ್ತೆರಡನೆಯ ಇಸವಿಯ ಅಕ್ಟೋಬರಿನ ಮಾತು.

ಅಕ್ಟೋಬರ್ ಬಂತೆಂದರೆ ನಮ್ಮವರಿಗೆ ರಾಜ್ಯೋತ್ಸವದ ಗಡಿಬಿಡಿ. ಗುರುದತ್ ಅಲ್ಲಿನ ಕನ್ನಡಿಗರ ಸಂಘವಾದ ಸಿರಿನುಡಿ ಬಳಗದ ಕಾರ್ಯದರ್ಶಿ, ಚೈತನ್ಯಾ ಸಾಂಸ್ಕೃತಿಕ ಸಮಿತಿಯಲ್ಲಿದ್ದಳು. ಪ್ರತಿವರ್ಷ ಯಾರಿಗಾದರೂ ಸನ್ಮಾನ ಆಗಲೇಬೇಕು. ಸನ್ಮಾನವಿಲ್ಲದೆ ನಮ್ಮವರ ಯಾವ ಸಮಾರಂಭ ಮುಗಿದಿದೆ? ಸಾಫ್ಟ್‌ವೇರಿನವರಿಗೆ ಸಾಫ್ಟ್‌ವೇರಿನವರು ಶಾಲು ಹೊದಿಸಿ ಹೊದಿಸಿ ಜನಕ್ಕೂ ಬೇಜಾರಾಗಿತ್ತು. ಆ ವರ್ಷ ಯಾರೋ ಕೌಂಟರಿನ ಹೆಂಗಸಿನ ಚಿತ್ರಾನ್ನದ ಸುದ್ದಿಯನ್ನು ಅಂಗಡಿಯಲ್ಲಿ ಕೇಳಿ ಬಂದು ಕಮಿಟಿಯಲ್ಲಿ ಹೇಳಿದರು. ಅದು ತನ್ನ ಅಕ್ಕ ಎಂದು ಹೇಳಲು ಗುರುದತ್ತನಿಗೆ ಅರ್ಧ ನಿಮಿಷ ಹಿಡಿಯಿತಂತೆ. ಹೇಳಿದ ಮೇಲೆ ಎಲ್ಲರೂ ಅವನ ಬೆನ್ನು ತಟ್ಟಿದರು. ಹಾಸ್ಪಿಟಾಲಿಟಿ ಇಂಡಸ್ಟ್ರಿಯಲ್ಲಿದ್ದವಳು ಒಂದೇ ಮೀಟಿಂಗಿನಲ್ಲಿ ಸಮಾಜಸೇವಕಿಯಾದಳು.

ಆ ಭಾನುವಾರ ಅಕ್ಕನನ್ನು ನೋಡಲು ಗಂಡಹೆಂಡತಿ ಮೋಟೆಲ್ಲಿಗೆ ಬಂದರು, ಅವಳು ಅಲ್ಲಿಗೆ ಸೇರಿದ ಮೇಲೆ ಮೊದಲ ಸಲ. ಚೈತನ್ಯಾಳ ಕೈಯಲ್ಲಿ ದೊಡ್ಡ ಕ್ಯಾಮೆರಾ. ತಮ್ಮ ಬಂದು ಕಾಲಿಗೆ ನಮಸ್ಕಾರ ಮಾಡಿದಾಗ ಗಂಗಾಂಬಿಕಾ ಅವನ ತಲೆ ನೇವರಿಸಿದಳು. ಇಷ್ಟು ದಿನದ ಮೇಲೆ ಒಡಹುಟ್ಟಿದವನ ಕಣ್ಣಿನಲ್ಲಿ ತನಗೂ ಒಂದು ಬೆಲೆ ಬಂತಲ್ಲ ಎಂಬ ಆಸೆ. ಅದನ್ನು ಆಸೆ ಎನ್ನದೆ ಬೇರೆ ಏನೆನ್ನುವುದು? ಚೈತನ್ಯಾ ಕೋಣೆಗಳ ಫೋಟೋ ತೆಗೆದಳು, ಮೋರಿಯ ಫೋಟೋ ತೆಗೆದಳು, ಮೆಟ್ಟಿಲ ಮೇಲೆ ಪ್ಲೇಟು ಹಿಡಿದು ಕೂತಿದ್ದ ಜಾಯ್ಲಿನ್ ಮೈಕಾರ ಫೋಟೋವನ್ನು ನಾಲ್ಕು ದಿಕ್ಕಿನಿಂದ ತೆಗೆದಳು. ಇವರ ತಾಯಿ ಎಲ್ಲಿ ಎಂದು ಕೇಳಿದಳು. ಕೆಲಸಕ್ಕೆ ಹೋಗಿದ್ದಾಳೆ, ಸಂಜೆಯೆಲ್ಲ ನನ್ನ ಹತ್ತಿರವೇ ಇರುತ್ತವೆ ಎಂದಳು ಗಂಗಾಂಬಿಕಾ. ಆಮೇಲೆ ಒಂದು ಕ್ಷಣ ತಡೆದು, ಆ ಹೆಂಗಸಿಗೆ ಒಂದು ಮಾತು ಕೇಳಬೇಕಿತ್ತೇನೋ ಎಂದಳು.

"ಅಯ್ಯೋ, ಇದು ನಮ್ಮ ಜನಗಳ ಮಧ್ಯೆ ಅಕ್ಕ. ಎಲ್ಲಾ ಕನ್ನಡದಲ್ಲೇ ಇರುತ್ತೆ. ಅವರಿಗೆ ಯಾರು ಹೇಳೋಕೆ ಹೋಗ್ತಾರೆ?" ಎಂದಳು ಚೈತನ್ಯಾ.

ಗಂಗಾಂಬಿಕಾಳಿಗೂ ಅದು ಸರಿ ಎನಿಸಿತು. ಪರದೇಶಕ್ಕೆ ಬಂದ ನಮ್ಮವರೆಲ್ಲರಿಗೂ ಇರುವ ಭ್ರಮೆ ಇದು. ಕನ್ನಡದಲ್ಲಿ ಆಡಿದ ಮಾತು ಮನೆಯೊಳಗೇ ಉಳಿಯುತ್ತದೆ ಎಂದುಕೊಳ್ಳುತ್ತೇವೆ. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರನ್ನು ಕನ್ನಡದಲ್ಲಿ ಬೈಯುತ್ತೇವೆ, ಲಿಫ್ಟಿನಲ್ಲಿ ಪಕ್ಕದವರ ಬಟ್ಟೆಯ ಬಗ್ಗೆ ಕನ್ನಡದಲ್ಲಿ ನಗುತ್ತೇವೆ. ಅವಳು ಟಮಾರಾಳಿಗೆ ಏನೂ ಹೇಳಲಿಲ್ಲ. ಶನಿವಾರ ಒಂದು ಫಂಕ್ಷನ್ ಇದೆ, ಭಾನುವಾರ ತಮ್ಮನ ಮನೆಯಲ್ಲಿ ಊಟ, ಊಟವಾದ ಕೂಡಲೇ ಬಂದುಬಿಡುತ್ತೇನೆ ಎಂದಷ್ಟೇ ಹೇಳಿದಳು. ಶನಿವಾರ ಟಮಾರಾಳಿಗೆ ರಜ. ಭಾನುವಾರ ಮಧ್ಯಾಹ್ನದ ಮೇಲೆ ಕೆಲಸ.

ಸಮಾರಂಭ ಒಂದು ಹೈಸ್ಕೂಲಿನ ಆಡಿಟೋರಿಯಮ್ಮಿನಲ್ಲಿ. ಕೆಂಪು ಹಳದಿ ಬಾವುಟ, ಬಿಸಿಬೇಳೆಬಾತಿನ ವಾಸನೆ, ಫ್ಯಾನ್ಸಿ ಡ್ರೆಸ್ಸಿನಲ್ಲಿ ಅಳುತ್ತಿರುವ ಪುಟ್ಟ ರಾಣಿಯರು. ಗಂಗಾಂಬಿಕಾ ರೇಷ್ಮೆ ಸೀರೆ ಉಟ್ಟಿದ್ದಳು, ಮದುವೆಯದು. ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಅರಿಶಿನ ಕುಂಕುಮದ ತಟ್ಟೆ ಹಿಡಿದಿದ್ದ ಹುಡುಗಿ ಮಾತ್ರ ಅವಳ ಮುಂದೆ ಬಂದು ಯಾರದೋ ಕಣ್ಸನ್ನೆ ನೋಡಿ ಹಾಗೆಯೇ ಮುಂದಕ್ಕೆ ಹೋದಳು. ಪೇಟ ವಿಧವೆಗೂ ಆಗುತ್ತದೆ, ಕುಂಕುಮ ಆಗುವುದಿಲ್ಲ. ಗಂಗಾಂಬಿಕಾ ಅದನ್ನು ಕಂಡೂ ನುಂಗಿಕೊಂಡಳು.

ಆಮೇಲೆ ಚೈತನ್ಯಾ ಅಭಿನಂದನೆಯ ಮಾತು ಓದಿದಳು. ಹಿಂದೆ ದೊಡ್ಡ ಪರದೆಯ ಮೇಲೆ ಫೋಟೋಗಳು. ನಮ್ಮ ಸನ್ಮಾನದ ಭಾಷಣ ಹೇಗಿರುತ್ತದೆ ಎನ್ನುವುದು ಕೇಳಿದವರಿಗೆಲ್ಲ ಗೊತ್ತು. ಒಂದು ಗಿಡ ನೆಟ್ಟವನು ವನದೇವತೆಯ ಪುತ್ರನಾಗುತ್ತಾನೆ, ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ಜ್ಞಾನಸೂರ್ಯನಾಗುತ್ತಾನೆ. ಕೇಳುವವರು ಅದಕ್ಕೆ ಬೇಕಾದಷ್ಟು ಉಬ್ಬರ ಕಳೆದು ಕೇಳಿಕೊಳ್ಳುತ್ತಾರೆ. ಚೈತನ್ಯಾಳೂ ಪದ್ಧತಿಯ ಪ್ರಕಾರವೇ ಬರೆದಿದ್ದಳು. ಒಬ್ಬರನ್ನು ಎತ್ತರಕ್ಕೇರಿಸಬೇಕಾದರೆ ಇನ್ನೊಬ್ಬರನ್ನು ತಗ್ಗಿಗೆ ತಳ್ಳಬೇಕಲ್ಲ. ಹೆತ್ತ ತಾಯಿಯೇ ದಿನನಿತ್ಯ ಕೋಣೆಯಲ್ಲಿ ಕೂಡಿಹಾಕಿ ಬಿಟ್ಟುಹೋಗುವ ಕಂದಮ್ಮಗಳು, ಅನ್ನ ಕಾಣದೆ ಮೋರಿಯ ಪಕ್ಕ ಅಳುವ ಅನಾಥರು, ಅಂಥವರ ಪಾಲಿಗೆ ಹೆರದೆಯೂ ತಾಯಿಯಾದ ಮಹಾಮಾತೆ ಗಂಗಾಂಬಿಕಾ ಎಂದು ಓದಿದಳು. ಪರದೆಯ ಮೇಲೆ ಜಾಯ್ಲಿನ್ ಮೈಕಾ ಪ್ಲೇಟು ಹಿಡಿದು ನಗುತ್ತಿದ್ದರು. ಅವರ ತಲೆಯ ಮೇಲೆ, ಹಿಂದಿನ ಬಾಗಿಲಿನ ಇನ್ನೂರ ಹದಿನೇಳು ಎನ್ನುವ ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಇಲ್ಲಿ ಹುಟ್ಟಿದ ಮಕ್ಕಳಿಗೂ ತಿಳಿಯಲಿ ಎಂದು ಅದನ್ನೇ ಮತ್ತೊಮ್ಮೆ ಇಂಗ್ಲಿಷಿನಲ್ಲಿ ಓದಿದಳು. ಇಂಗ್ಲಿಷಿಗೆ ಹೋದಾಗ ಆ ಮಾತಿನಲ್ಲಿ ಅಲಂಕಾರ ಉಳಿಯಲಿಲ್ಲ, ಆಪಾದನೆ ಮಾತ್ರ ಉಳಿಯಿತು.

ಗಂಗಾಂಬಿಕಾ ಚೈತನ್ಯಾಳ ಕಡೆ ತಿರುಗಿದಳು. ಹಾಗಲ್ಲ, ಆ ತಾಯಿ ಹಾಗೆಲ್ಲ ಬಿಟ್ಟುಹೋಗುವವಳಲ್ಲ ಎಂದು ಹೇಳಬೇಕು ಎನ್ನಿಸಿತು. ಮೈಕ್ರೊಫೋನು ಕೈಗೆ ಕೊಟ್ಟು ಎರಡು ಮಾತಾಡಿ ಎಂದರು ಕೂಡ. ಮುಂದಿನ ಸಾಲಿನಲ್ಲಿ ಗುರುದತ್ ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಐನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಕೈ ಮುಗಿದು, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹೇಳಿ ಕೂತಳು.

ಆ ಐನೂರು ಜನರಲ್ಲಿ ಮಕ್ಕಳ ಡಾಕ್ಟರ್ ಪ್ರತಾಪ್ ಒಬ್ಬ. ಒಳ್ಳೆಯ ಮನುಷ್ಯ, ಕೆಟ್ಟವನೆಂದು ಯಾರೂ ಹೇಳಲಾರರು. ಮಕ್ಕಳನ್ನು ಗಮನಿಸದೆ ಬಿಟ್ಟ ಸುದ್ದಿ ಕಿವಿಗೆ ಬಿದ್ದರೆ ಕೌಂಟಿಗೆ ತಿಳಿಸಲೇಬೇಕೆಂದು ಅಲ್ಲಿ ಡಾಕ್ಟರುಗಳಿಗೆ, ಟೀಚರುಗಳಿಗೆ ಕಾನೂನಿದೆ. ತಿಳಿಸದಿದ್ದರೆ ಲೈಸೆನ್ಸಿಗೇ ಕುತ್ತು. ಅವನಿಗೆ ಕೋಣೆಯ ನಂಬರೂ ಕಂಡಿತ್ತು, ದಿನನಿತ್ಯ ಎಂಬ ಮಾತೂ ಕೇಳಿತ್ತು. ಮನೆಗೆ ಹೋಗಿ ಫೋನ್ ಮಾಡಿದ. ಮೊದಲು ಆ ಹೆಂಗಸನ್ನು ಒಂದು ಮಾತು ಕೇಳೋಣ ಎಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಕಾನೂನು ಕಾಯುವುದಿಲ್ಲ ಎಂದುಕೊಂಡನೋ.

ಭಾನುವಾರ ತಮ್ಮನ ಮನೆಯಲ್ಲಿ ಹಬ್ಬದ ಊಟ. ಈ ಸಲ ಯಾರೂ ಗಂಗಾಂಬಿಕಾಳನ್ನು ಬೇಸ್‌ಮೆಂಟಿಗೆ ಕಳಿಸಲಿಲ್ಲ. ಹಾಲಿನ ನಡುವೆ ಸೋಫಾದಲ್ಲಿ ಕೂರಿಸಿದ್ದರು. ಕಮಿಟಿಯವರು ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಹೋಳಿಗೆ ಆಯಿತು, ಪಾಯಸ ಆಯಿತು. ಟಮಾರಾ ಹೊರಡುವ ಹೊತ್ತು ಹತ್ತಿರವಾದಾಗ ಅವಳು ತಮ್ಮನನ್ನು ಪಕ್ಕಕ್ಕೆ ಕರೆದು, ನನ್ನನ್ನು ಬಿಟ್ಟು ಬಾ, ಮಕ್ಕಳು ಕಾಯ್ತಾ ಇರ್ತಾವೆ ಎಂದಳು. ಅವಳಿಗೆ ಕಾರಿಲ್ಲ. ಆಲ್ಫರೆಟ್ಟಾದ ಆ ಬೀದಿಗಳಲ್ಲಿ ಬಸ್ಸಿನ ಮುಖ ಕಂಡವರಿಲ್ಲ. ಕರೆತಂದವರು ಬಿಟ್ಟು ಬರುವವರೆಗೆ ಅತಿಥಿ ಅಲ್ಲಿ ಕೂಡಿಟ್ಟ ಹಾಗೆಯೇ.

"ಅಕ್ಕ, ಪ್ರೆಸಿಡೆಂಟ್ ಇನ್ನೂ ಬರಬೇಕು. ನಿನ್ನ ನೋಡೋಕೇ ಬರ್ತಿದಾರೆ. ಕಾಫಿ ಕುಡಿದು ಹೊರಡೋಣ ಇರು," ಎಂದ ಗುರುದತ್.

"ಒಂದಿನ ಅವರಮ್ಮನೇ ನೋಡ್ಕೊಳ್ಳಲಿ ಬಿಡಿ ಅಕ್ಕ," ಎಂದು ಚೈತನ್ಯಾ ಅಡುಗೆಮನೆಯಿಂದಲೇ ನಕ್ಕಳು.

ಅರ್ಧ ಗಂಟೆ ತಡವಾದರೆ ಏನಾಗುತ್ತದೆ ಎಂದುಕೊಂಡಳು ಗಂಗಾಂಬಿಕಾ. ಟಮಾರಾಳಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಅವಳು ಕೆಲಸಕ್ಕೆ ಹೋಗದೆ ಉಳಿಯಬೇಕಾಗುತ್ತದೆ, ಬೇಡ, ಹೇಗೂ ಹೊರಟೇಬಿಡುತ್ತೇನೆ ಎಂಬ ಯೋಚನೆ. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ಆ ಸೋಫಾ ಬಿಟ್ಟು ಏಳಲು ಅವಳಿಗೂ ಮನಸ್ಸಿರಲಿಲ್ಲ. ಬಳಗದ ಅಧ್ಯಕ್ಷರು ಬಂದರು, ಕಾಫಿ ಬಂತು, ಅಧ್ಯಕ್ಷರ ಹೆಂಡತಿಗೆ ಅಂಗನವಾಡಿಯ ಕಥೆಗಳನ್ನೆಲ್ಲ ಕೇಳಬೇಕಾಗಿತ್ತು. ಕಾರು ಹೊರಟಾಗ ಹೊರಗೆ ಕತ್ತಲಾಗುತ್ತಿತ್ತು.

ಮೋಟೆಲ್ಲಿನ ಮುಂದೆ ಪೊಲೀಸ್ ಕಾರು ನಿಂತಿತ್ತು, ಅದರ ಹಿಂದೆ ಕೌಂಟಿಯ ಬಿಳಿ ಕಾರು. ಟಮಾರಾ ಗಂಗಾಂಬಿಕಾಳ ಮಾತು ನಂಬಿ, ಈಗಲೋ ಇನ್ನೊಂದು ಗಳಿಗೆಗೋ ಬರುತ್ತಾಳೆಂದು ಮಕ್ಕಳಿಗೆ ಚಿಲಕ ಹಾಕಿಕೊಳ್ಳಲು ಹೇಳಿ ಹೊರಟುಹೋಗಿದ್ದಳು. ಗೋದಾಮಿನಲ್ಲಿ ಇನ್ನೊಂದು ಸಲ ತಡವಾದರೆ ಕೆಲಸವಿರುತ್ತಿರಲಿಲ್ಲ. ಕೌಂಟಿಯವರು ಬಾಗಿಲು ತಟ್ಟಿದಾಗ ಒಳಗೆ ಎರಡೇ ಮಕ್ಕಳು. ಭಾಷಣದಲ್ಲಿ ಹೇಳಿದ್ದ ಸುಳ್ಳು ಅದೊಂದು ದಿನ, ಅದೇ ಹೊತ್ತಿನಲ್ಲಿ, ನಿಜವಾಗಿತ್ತು.

ಗಂಗಾಂಬಿಕಾ ಪೇಟದ ಪೊಟ್ಟಣ ಕಾರಿನಲ್ಲೇ ಬಿಟ್ಟು ಓಡಿದಳು. ನಾನು ನೋಡಿಕೊಳ್ಳುವವಳು, ನಾನು ನೋಡಿಕೊಳ್ಳುವವಳು ಎಂದು ಪೊಲೀಸಿಗೆ ಹೇಳಿದಳು. ನೀನು ಮಕ್ಕಳಿಗೆ ಏನಾಗಬೇಕು ಎಂದು ಅವನು ಕೇಳಿದ. ಏನೂ ಆಗಬೇಕಿರಲಿಲ್ಲ. ಜಾಯ್ಲಿನ್ ಮೈಕಾನ ಕೈ ಹಿಡಿದುಕೊಂಡು ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಹುಡುಗಿ ಅಳುತ್ತಿರಲಿಲ್ಲ. ನಾನು ಬಾಗಿಲು ತೆಗೆಯಬಾರದಾಗಿತ್ತು, ನಾನೇ ತೆಗೆದೆ ಎಂದು ಗಾಜಿನ ಹಿಂದಿನಿಂದ ಮಿಸ್ ಗಂಗಾಗೆ ಹೇಳಿದಳು. ಗುರುದತ್ ಕಾರಿನಿಂದ ಇಳಿಯಲಿಲ್ಲ. ಪೊಲೀಸರಿರುವಲ್ಲಿ ಇಳಿಯುವ ಅಭ್ಯಾಸ ಅವನಿಗಿಲ್ಲ.

ಎರಡು ದಿನದ ಮೇಲೆ ಕೌಂಟಿಯ ಹೆಂಗಸು ಗಂಗಾಂಬಿಕಾಳ ಹೇಳಿಕೆ ಕೇಳಲು ಬಂದಳು. ದಣಿದ ಮುಖದವಳು, ದನಿ ಎತ್ತಿ ಮಾತಾಡಿದವಳಲ್ಲ. ಗಂಗಾಂಬಿಕಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ವರ್ಷದಿಂದ ಮಕ್ಕಳು ಒಂದು ಸಂಜೆಯೂ ಒಂಟಿಯಾಗಿರಲಿಲ್ಲ, ಆ ಭಾನುವಾರದ ತಪ್ಪು ನನ್ನದು, ತಾಯಿಯದಲ್ಲ ಎಂದಳು. ಹೆಂಗಸು ಎಲ್ಲ ಕೇಳಿ, ಲ್ಯಾಪ್‌ಟಾಪಿನಲ್ಲಿ ಬಳಗದವರು ಇಂಟರ್ನೆಟ್ಟಿಗೆ ಹಾಕಿದ್ದ ಸಮಾರಂಭದ ವಿಡಿಯೋ ತೋರಿಸಿದಳು. ಚೈತನ್ಯಾಳ ಇಂಗ್ಲಿಷ್ ಓದು, ಪರದೆಯ ಮೇಲಿನ ಮಕ್ಕಳು, ಪಕ್ಕದಲ್ಲಿ ಪೇಟ ಹಾಕಿಕೊಂಡು ಕೈಮುಗಿದು ಕೂತ ಗಂಗಾಂಬಿಕಾ. ಇದು ನೀವೇ ತಾನೆ ಎಂದಳು. ಹೌದು. ಇದರಲ್ಲಿ ಹೇಳಿದ್ದು ಸುಳ್ಳೇ? ಸುಳ್ಳು. ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ?

ನಮ್ಮ ಕಡೆ ಸನ್ಮಾನ ಎಂದರೆ ಹೀಗೆಯೇ ದೊಡ್ಡದು ಮಾಡಿ ಹೇಳುತ್ತಾರೆ, ಯಾರೂ ಅದನ್ನು ನಿಜವೆಂದು ತಿಳಿಯುವುದಿಲ್ಲ ಎಂದು ತನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ನೋಡಿದಳು. ಹೇಳುತ್ತ ಹೇಳುತ್ತ ಅವಳಿಗೇ ಅದು ಎಷ್ಟು ಹೇಸಿಗೆಯ ಮಾತು ಎನ್ನುವುದು ಕೇಳಿಸತೊಡಗಿತು. ತಾಯಿಯ ಪರವಾಗಿ ಮಾತಾಡುವ ಗೆಳತಿಯ ಬಾಯಿಮಾತಿಗಿಂತ ಐನೂರು ಜನರ ಮುಂದೆ ಆಡಿದ ಮಾತಿಗೆ ತೂಕ ಜಾಸ್ತಿ. ಹೆಂಗಸು ಲ್ಯಾಪ್‌ಟಾಪ್ ಮುಚ್ಚಿಕೊಂಡು ಥ್ಯಾಂಕ್ಸ್ ಹೇಳಿ ಹೋದಳು.

ಅವತ್ತೇ ಗಂಗಾಂಬಿಕಾ ತಮ್ಮನಿಗೆ ಫೋನ್ ಮಾಡಿದಳು. ಸ್ಟೇಜಿನ ಮೇಲೆ ಓದಿದ್ದು ನಿಜವಲ್ಲ, ಉಬ್ಬಿಸಿ ಬರೆದದ್ದು ಎಂದು ಬಳಗದಿಂದ ಕೋರ್ಟಿಗೆ ಒಂದು ಕಾಗದ ಕೊಡಿ ಎಂದು ಕೇಳಿದಳು.

"ವಿಡಿಯೋ ಆಗ್ಲೇ ಇಂಟರ್ನೆಟ್ಟಿಂದ ತೆಗೆಸಿಹಾಕಿದೀನಿ ಅಕ್ಕ. ಆದ್ರೆ ನಾವು ಸುಳ್ಳು ಹೇಳಿದ್ವಿ ಅಂತ ಲೆಟರ್‌ಹೆಡ್‌ನಲ್ಲಿ ಬರ್ಕೊಡೋಕಾಗುತ್ತಾ? ಕಮಿಟಿಲಿ ಯಾರೂ ಸೈನ್ ಮಾಡಲ್ಲ. ಅರ್ಧ ಜನ ವೀಸಾದಲ್ಲಿದಾರೆ, ಕೋರ್ಟು ಗೀರ್ಟು ಅಂದ್ರೆ ಹೆದರ್ತಾರೆ."

"ಚೈತನ್ಯಾ ಬಂದು ಒಂದು ಮಾತು ಹೇಳಲಿ ಕಣೋ. ನೀವಿಬ್ಬರೂ ಸಿಟಿಜನ್ ತಾನೇ?"

"ಅವಳು ನಿನಗೋಸ್ಕರ ಬರೆದಿದ್ದು ಅಕ್ಕ. ನಿನಗೆ ಒಳ್ಳೇದಾಗಲಿ ಅಂತ ಮಾಡಿದ್ದು. ಈಗ ಅವಳನ್ನೇ ಕೋರ್ಟಿಗೆ ಎಳೀತೀಯಾ?"

ಕೌಂಟಿಗೆ ಡಾಕ್ಟರ್ ಪ್ರತಾಪನೇ ಫೋನ್ ಮಾಡಿದ್ದಂತೆ, ಪಾಪ ಅವನಿಗೂ ಬೇರೆ ದಾರಿಯಿರಲಿಲ್ಲ ಎಂದೂ ಗುರುದತ್ ಹೇಳಿದ. ಆಮೇಲೆ, ಸಮಾರಂಭದ ಮೇಲೆ ಮೋಟೆಲ್ ಮಕ್ಕಳಿಗೆ ಎಂದು ತುಂಬ ಜನ ದೇಣಿಗೆ ಕೊಟ್ಟಿದ್ದಾರೆ, ಅದರಲ್ಲಿ ಏನು ಮಾಡೋಣ ಹೇಳು ಎಂದು ಕೇಳಿದ. ಗಂಗಾಂಬಿಕಾ ಫೋನ್ ಇಟ್ಟಳು. ತಮ್ಮನ ಫೋನನ್ನು ಆಮೇಲೆ ಅವಳು ಎತ್ತಿದ್ದಿಲ್ಲ.

ಕೋರ್ಟಿಗೆ ಎರಡು ಬಸ್ಸು ಬದಲಿಸಿಕೊಂಡು ಒಬ್ಬಳೇ ಹೋದಳು. ಜಡ್ಜಿನ ಮುಂದೆಯೂ ಅದನ್ನೇ ಹೇಳಿದಳು. ಜಡ್ಜು ಸಾವಧಾನವಾಗಿ ಕೇಳಿದರು. ಮಕ್ಕಳ ಮೇಲೆ ತಾಯಿಗೆ ಪ್ರೀತಿಯಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ, ಆದರೆ ಸರಿಯಾದ ಮನೆಯೊಂದು ಆಗುವವರೆಗೆ ಮಕ್ಕಳು ಫಾಸ್ಟರ್ ಮನೆಗಳಲ್ಲಿ, ಅಂದರೆ ಕೌಂಟಿಯವರು ಗೊತ್ತುಮಾಡಿದ ಬೇರೆಯವರ ಮನೆಗಳಲ್ಲಿ, ಇರಲಿ ಎಂದರು. ಮನೆಗಳಲ್ಲಿ ಎಂದರೆ ಜಾಯ್ಲಿನ್ ಒಂದು ಊರಿನಲ್ಲಿ, ಮೈಕಾ ಇನ್ನೊಂದು ಊರಿನಲ್ಲಿ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವವರು ಸಿಗಲಿಲ್ಲವಂತೆ. ಹೊಸ ವರ್ಷಕ್ಕೆ ಗಟ್ಟಿಯಾಗಿದ್ದ ಅಪಾರ್ಟ್‌ಮೆಂಟು ಮಕ್ಕಳಿರುವ ಕುಟುಂಬಗಳಿಗೆ ಮೀಸಲಾದದ್ದು. ಟಮಾರಾ ಈಗ ಕುಟುಂಬವಲ್ಲ, ಒಂಟಿ ಹೆಂಗಸು, ಅವಳ ಹೆಸರು ತೆಗೆದರು. ಮನೆಯಿಲ್ಲದೆ ಮಕ್ಕಳನ್ನು ಕೊಡುವುದಿಲ್ಲ, ಮಕ್ಕಳಿಲ್ಲದೆ ಮನೆ ಕೊಡುವುದಿಲ್ಲ. ಸ್ಕೂಲಿನ ಸೋಶಿಯಲ್ ವರ್ಕರ್ ಇದನ್ನು ಹೇಳುವಾಗ ತಾನೇ ಅತ್ತಳು. ಅತ್ತು ಏನು ಮಾಡುವುದು, ನಿಯಮ ಮಾಡಿದವರು ಆ ಊರಿನಲ್ಲಿರಲಿಲ್ಲ.

ಟಮಾರಾ ಕೋಣೆ ಖಾಲಿ ಮಾಡಲು ಬಂದದ್ದು ಒಂದು ಮಧ್ಯಾಹ್ನ. ಎರಡು ಕಪ್ಪು ಕಸದ ಚೀಲಗಳಲ್ಲಿ ಸಂಸಾರ. ಕೀ ಕೊಡಲು ಕೌಂಟರಿಗೆ ಬರಲೇಬೇಕಾಗಿತ್ತು. ಗಂಗಾಂಬಿಕಾ ಎದ್ದು ನಿಂತಳು. ಹೇಳಬೇಕೆಂದುಕೊಂಡಿದ್ದ ಇಂಗ್ಲಿಷೆಲ್ಲ ಆವಿಯಾಗಿತ್ತು. ತಪ್ಪಾಯಿತು ಎಂದಳು. ಮತ್ತೆ ಅದನ್ನೇ ಹೇಳಿದಳು.

ಟಮಾರಾ ಕೀಯನ್ನು ಕೌಂಟರಿನ ಮೇಲಿಟ್ಟಳು. "ನಾನು ಯಾವಾಗ ಹೋಗ್ತೀನಿ ಅನ್ನೋದು ಈ ಊರಲ್ಲಿ ನಿಮಗೊಬ್ಬರಿಗೆ ಮಾತ್ರ ಹೇಳಿದ್ದೆ, ಮಿಸ್ ಗಂಗಾ," ಎಂದಳು. ಬೈಯಲಿಲ್ಲ, ಕಿರುಚಲಿಲ್ಲ. ಬೈದಿದ್ದರೆ ಗಂಗಾಂಬಿಕಾ ತಡೆದುಕೊಳ್ಳುತ್ತಿದ್ದಳು. ಚೀಲಗಳನ್ನು ಎತ್ತಿಕೊಂಡು ಟಮಾರಾ ಬಸ್ ಸ್ಟಾಪಿನ ಕಡೆ ಹೋದಳು.

ಅಂಥ ಜಾಗದಲ್ಲಿ ಸುದ್ದಿ ಗೋಡೆ ದಾಟುವುದಕ್ಕೆ ಹೊತ್ತು ಬೇಕಾಗಿಲ್ಲ. ಮಾರನೆಯ ದಿನ ಬಸ್ಸಿನಿಂದ ಇಳಿದ ಮಕ್ಕಳು ಆಫೀಸಿನ ಕಡೆ ನೋಡದೆ ನೇರವಾಗಿ ಮೆಟ್ಟಿಲು ಹತ್ತಿದವು. ಅದರ ಮಾರನೆಯ ದಿನವೂ ಅಷ್ಟೇ. ಮಾಡಿಟ್ಟ ಚಿತ್ರಾನ್ನ ಹಾಗೆಯೇ ಉಳಿಯಿತು. ಮೇಲಿನ ಕೋಣೆಯ ಅಜ್ಜಿ ಕೂಡ ಅವಳನ್ನು ಕಂಡರೆ ಪರದೆ ಎಳೆದುಕೊಳ್ಳತೊಡಗಿದಳು. ಯಾರೂ ಜಗಳಕ್ಕೆ ಬರಲಿಲ್ಲ. ಆದರೂ ಗಂಗಾಂಬಿಕಾ ದಿನಾ ಮಾಡುವುದನ್ನು ಬಿಡಲಿಲ್ಲ. ಬಿಟ್ಟರೆ ಆ ಹೊತ್ತಿನಲ್ಲಿ ಕೈಗೆ ಏನು ಕೆಲಸ ಕೊಡುವುದು ಎಂದು ಅವಳಿಗೆ ತಿಳಿಯಲಿಲ್ಲ.

ಡಿಸೆಂಬರಿನಲ್ಲಿ ಇನ್ನೂರ ಹದಿನೇಳಕ್ಕೆ ಹೊಸ ಸಂಸಾರ ಬಂತು. ಒಬ್ಬ ತಾಯಿ, ಆರೇಳು ವರ್ಷದ ಮಗಳು, ಒಂದು ಕೈಗೂಸು. ಬಂದ ವಾರವೇ ಒಂದು ಸಂಜೆ ಆ ಹುಡುಗಿ ಕೆಳಗಿಳಿದು ಬಂದು ಚಿಪ್ಸ್ ಮಿಷನ್ನಿನ ಗಾಜಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಗಂಗಾಂಬಿಕಾ ಪ್ಲೇಟಿನಲ್ಲಿ ಅನ್ನ, ಒಂದು ಮೊಟ್ಟೆ ಇಟ್ಟುಕೊಂಡು ಬಂದು ಮುಂದೆ ಹಿಡಿದಳು. ಹುಡುಗಿಯ ಕಣ್ಣು ಮೊಟ್ಟೆಯ ಮೇಲೆಯೇ ಇತ್ತು, ಕೈ ಮಾತ್ರ ಬೆನ್ನ ಹಿಂದೆ ಹೋಯಿತು.

ಅಮ್ಮ ಎಲ್ಲಿ ಪುಟ್ಟಾ ಎಂದು ಗಂಗಾಂಬಿಕಾ ಮೆಲ್ಲಗೆ ಕೇಳಿದಳು.

"ಒಳಗೆ ಮಲಗಿದಾಳೆ," ಎಂದಿತು ಮಗು, ಪಾಠ ಒಪ್ಪಿಸಿದ ಹಾಗೆ. "ಯಾವಾಗಲೂ ಒಳಗೇ ಇರ್ತಾಳೆ."

ಮೇಲಿನಿಂದ ಕೂಸು ಅಳುವುದು ಕೇಳುತ್ತಿತ್ತು. ಆ ತಾಯಿಯ ಕಾರು ಪಾರ್ಕಿಂಗಿನಲ್ಲಿ ಇರಲಿಲ್ಲ, ಮಧ್ಯಾಹ್ನವೇ ಹೊರಟದ್ದನ್ನು ಗಂಗಾಂಬಿಕಾ ಕೌಂಟರಿನಿಂದ ನೋಡಿದ್ದಳು. ಮಗು ಅವಳ ಮುಖವನ್ನೇ ನೋಡುತ್ತಿತ್ತು, ನಂಬಿದಳೋ ಇಲ್ಲವೋ ಎಂದು.

"ಸರಿ ಮರಿ, ಮಲಗಿರಲಿ, ಎಬ್ಬಿಸಬೇಡ," ಎಂದಳು ಮಿಸ್ ಗಂಗಾ. ಹುಡುಗಿ ಬರಿಗೈಯಲ್ಲಿ ಓಡಿ ಮೆಟ್ಟಿಲು ಹತ್ತಿದಳು. ಮೇಲೆ ಚಿಲಕ ಬಿದ್ದ ಸದ್ದು ಕೇಳಿಸಿತು, ಆಮೇಲೆ ಟಿವಿಯ ಸದ್ದು ಕಡಿಮೆಯಾಯಿತು.